ಇನ್ನೊಂದೇ ಒಂದು ಕೆಲಸ

ಐವತ್ತು ದಾಟಿದ ಮೇಲೂ ಅವನು ಎಲ್ಲರ ಬಾಯಲ್ಲಿ ಚಿಕ್ಕೋನೇ. ಕೂದಲು ಅರ್ಧ ಉದುರಿತು, ಉಳಿದರ್ಧ ನರೆಯಿತು, ಆ ಹೆಸರು ಮಾತ್ರ ಅಲ್ಲಾಡಲಿಲ್ಲ. ಅಪ್ಪ ಬಿಟ್ಟುಹೋದ ಗ್ಯಾರೇಜಿನಲ್ಲಿ ಅಣ್ಣ ಹೇಳುವವನು, ಇವನು ಮಾಡುವವನು. ಅದನ್ನು ಹೇಗೋ ನುಂಗಿಕೊಂಡಿದ್ದ. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಅಪ್ಪನ ಕಾರು.

ದುಂಡು ಮೂತಿಯ ಹಳೇ ಕಾರು. ಅಪ್ಪ ಹೋದ ವರ್ಷವೇ ಅದರ ಎಂಜಿನ್ನೂ ಕಣ್ಣು ಮುಚ್ಚಿತು. ಮಾರಿಬಿಡೋಣ ಎಂದು ಚಿಕ್ಕೋನು ಬಾಯಿಬಿಡುವಷ್ಟರಲ್ಲಿ ಅಣ್ಣನ ತಲೆಗೆ ಹುಳ ಹೊಕ್ಕಾಗಿತ್ತು: ಇದನ್ನು ಕರೆಂಟಿನ ಕಾರು ಮಾಡಬೇಕು. ಹೊಸ ಸಾಮಾನಿಗೆ ಕೈ ಎಟುಕದು, ಆದ್ದರಿಂದ ಗುಜರಿಯೇ ಗತಿ. ಮುಂಭಾಗ ಅಪ್ಪಚ್ಚಿಯಾದ ಒಂದು ಕಾರಿನಿಂದ ಮೋಟಾರು ಬಂತು, ನೀರಿನಲ್ಲಿ ಮುಳುಗೆದ್ದ ಇನ್ನೊಂದರಿಂದ ಬ್ಯಾಟರಿ ಬಂತು, ಯಾವುದೋ ಸರಕು ಬಂಡಿಯಿಂದ ಚಾರ್ಜರ್ ಬಂತು. ಒಂದರ ಮುಖ ಒಂದು ನೋಡದ ಇವುಗಳನ್ನೆಲ್ಲ ಒಂದೇ ಸೂರಿನಡಿ ಸಂಸಾರ ಮಾಡಿಸುವ ಜವಾಬ್ದಾರಿ ಚಿಕ್ಕೋನದು. ಅದೂ ಭಾನುವಾರಗಳಲ್ಲಿ, ಯಾಕೆಂದರೆ ಮಿಕ್ಕ ದಿನ ಹೊಟ್ಟೆಪಾಡಿನ ಕೆಲಸ ಇರುತ್ತಿತ್ತು.

"ಕಾರು ರಸ್ತೆಗೆ ಇಳಿದ ದಿನ ಈ ಗ್ಯಾರೇಜಿನ ಜಾಗ ಮಾರೋ ಪತ್ರಕ್ಕೆ ಸಹಿ ಹಾಕ್ತೀನಿ ಕಣೋ. ನಿನ್ನ ಪಾಲು ತಗೊಂಡು ಎಲ್ಲಿಗೆ ಬೇಕಾದ್ರೂ ಹೋಗು," ಎಂದಿದ್ದ ಅಣ್ಣ.

ಚಿಕ್ಕೋನಿಗೆ ಬೇಕಾಗಿದ್ದಾದರೂ ಏನು ಮಹಾ? ಇನ್ನೊಂದು ಊರಿನಲ್ಲಿ ಒಂದು ಕೋಣೆ, ಒಂದು ಕಿಟಕಿ, ಯಾರೂ 'ಲೋ' ಎಂದು ಕೂಗದ ಒಂದು ಭಾನುವಾರ. ಅಷ್ಟನ್ನು ನೆನೆಸಿಕೊಂಡೇ ಕಾರಿನ ಕೆಳಗೆ ಅಂಗಾತ ಮಲಗಿ ವರ್ಷಗಳನ್ನು ಕಳೆದ. ಮೋಟಾರು ತಿರುಗಿತು, ಬ್ರೇಕು ಸಾಲದು ಎಂದ ಅಣ್ಣ. ಬ್ರೇಕು ಆಯಿತು, ಮೀಟರಿನ ಮುಳ್ಳು ಅಪ್ಪನ ಕಾಲದ ಹಾಗೆ ನಡುಗುತ್ತಾ ಏಳಬೇಕು ಎಂದ. ಮುಳ್ಳೂ ನಡುಗಿತು. ಆಗ ಹಾರ್ನು ಒತ್ತಿ ನೋಡಿ ಮುಖ ಕಿವುಚಿದ.

"ಇದು ಕೀಂಯ್ ಅನ್ನುತ್ತೆ. ಅಪ್ಪಂದು ಪೋಂ ಅಂತಿತ್ತು. ಇನ್ನೊಂದೇ ಒಂದು ಕೆಲಸ ಕಣೋ ಚಿಕ್ಕೋನೆ, ಆಮೇಲೆ ಮುಗೀತು ಅಂದ್ಕೋ."

ಚಿಕ್ಕೋನು ಸ್ಪ್ಯಾನರನ್ನು ಒರೆಸಿ ಅದರ ಜಾಗದಲ್ಲಿಟ್ಟ. ಕೈಕಾಲಿನಲ್ಲಿ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ. ಈ ಕಾರು ಎಂದಿಗೂ ಮುಗಿಯುವುದಿಲ್ಲ, ಮುಗಿಯಬಾರದು ಎಂದೇ ಅಣ್ಣ ಇದನ್ನು ಹಿಡಿದುಕೊಂಡಿದ್ದಾನೆ ಎಂದು ಅವನಿಗೆ ಅಂದು ಖಾತ್ರಿಯಾಯಿತು. ಕಾರು ತಾನಾಗಿ ಮುಗಿಯದಿದ್ದರೆ ಅದನ್ನು ಮುಗಿಸಬೇಕು. ಕಾರೇ ಇಲ್ಲದಿದ್ದರೆ ಸಹಿ ತಪ್ಪಿಸಲು ಅಣ್ಣನಿಗೆ ನೆಪವೂ ಇರುವುದಿಲ್ಲ.

ಅವನೇನು ಕೊಲೆಗಡುಕನಲ್ಲ. ಯಾರ ಕೂದಲೂ ಕೊಂಕಬಾರದು, ಕಾರು ಮಾತ್ರ ಹೋಗಬೇಕು. ಕಳ್ಳತನ ಮಾಡಿಸಿದರೆ ಅಣ್ಣ ಜನ್ಮಪೂರ್ತಿ ಹುಡುಕುತ್ತಾನೆ. ಗುದ್ದಿಸಿದರೆ ಮತ್ತೆ ಇವನ ಕೈಯಲ್ಲೇ ರಿಪೇರಿ ಮಾಡಿಸುತ್ತಾನೆ. ಬೆಂಕಿಯೇ ಸರಿ. ಅಪರಾಧಿಯೂ ಕಾರಿನ ಡಿಕ್ಕಿಯೊಳಗೇ ಸಿದ್ಧನಾಗಿ ಕೂತಿದ್ದ: ಗುಜರಿ ಬ್ಯಾಟರಿ. ನೀರಲ್ಲಿ ಮುಳುಗಿದ್ದ ಬ್ಯಾಟರಿ ಹೊತ್ತಿಕೊಂಡಿತು ಎಂದರೆ ಯಾರು ತಾನೇ ನಂಬುವುದಿಲ್ಲ? ಕಾರಿಗೆ ವಿಮೆಯೂ ಇರಲಿಲ್ಲ. ಸುಟ್ಟರೆ ಯಾರಿಗೂ ಬಿಡಿಗಾಸಿನ ಲಾಭವಿಲ್ಲ, ಹಾಗಾಗಿ ಯಾರ ಮೇಲೂ ಅನುಮಾನವಿಲ್ಲ. ಇದು ಹೊಳೆದಾಗ ಬಹಳ ದಿನಗಳ ನಂತರ ಅವನಿಗೆ ತನ್ನ ಬಗ್ಗೆ ಕೊಂಚ ಹೆಮ್ಮೆಯಾಯಿತು.

ಮೊದಲು ನೆಲ ಹದ ಮಾಡಿದ. ಪಕ್ಕದ ದರ್ಜಿಗೆ, "ಸುಟ್ಟ ವಾಸನೆ ಬಂದ್ರೆ ಮಿಷನ್ನು ಬಿಟ್ಟು ಓಡಿ ಸ್ವಾಮಿ, ಬಟ್ಟೆ ಆಸೆ ಬೇಡ," ಎಂದು ಹೇಳಿಟ್ಟ. ಕಾಫಿ ಅಂಗಡಿಯಲ್ಲಿ ನಾಲ್ಕು ಜನರಿಗೆ ಕೇಳುವಂತೆ ನಿಟ್ಟುಸಿರು ಬಿಟ್ಟ. ಎಲ್ಲರಿಗಿಂತ ಹೆಚ್ಚಾಗಿ ಅತ್ತಿಗೆಯ ಕಿವಿಗೆ ಹಾಕಿದ.

"ನಿಜವಾಗ್ಲೂ ಹೊತ್ಕೊಳ್ಳುತ್ತೇನೋ?" ಎಂದು ಆಕೆ ತಟ್ಟೆ ಒರೆಸುವುದನ್ನು ನಿಲ್ಲಿಸಿ ಕೇಳಿದಳು.

"ನಾನು ಹೇಳೋದು ಹೇಳಿದೀನಿ ಅತ್ತಿಗೆ. ಅಣ್ಣಂಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಅವನು ಅದರ ಪಕ್ಕದಲ್ಲೇ ಕೂತ್ಕೊಂಡು ಪೇಪರ್ ಓದ್ತಾನೆ ನೋಡಿ, ನನಗೆ ಅದೇ ಭಯ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಪಾಪ ಅನ್ನಿಸಿತು ಚಿಕ್ಕೋನಿಗೆ. ಆದರೂ ಕೆಲಸ ಹದವಾಗಿ ಆಗುತ್ತಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಮತ್ತೆ ಸಿಕ್ಕಾಗಲೆಲ್ಲ ಇನ್ನೊಂದಿಷ್ಟು ಒಗ್ಗರಣೆ ಹಾಕಿದ.

ಉಳಿದದ್ದು ಕೈಕೆಲಸ, ಅದು ಅವನಿಗೆ ನೀರು ಕುಡಿದಷ್ಟು ಸಲೀಸು. ಚಾರ್ಜರಿನ ಗುಂಯ್‌ಗುಡುವ ಫ್ಯಾನು ಅಣ್ಣನಿಗೆ ಆಗುತ್ತಿರಲಿಲ್ಲ. ಅದಕ್ಕೇ ಅವನು, ತಾನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ ಚಾರ್ಜಿಂಗ್ ತಾನಾಗಿ ಶುರುವಾಗಲಿ ಎಂದು ಗ್ಯಾರೇಜಿನ ಶೆಡ್ಡಿನ ಗೋಡೆಗೆ ಟೈಮರ್ ಹಾಕಿಸಿದ್ದ. ದರ್ಜಿಯೂ ಆ ಹೊತ್ತಿಗೆ ಬಾಗಿಲೆಳೆದುಕೊಂಡು ಮನೆಗೆ ಹೋಗುತ್ತಿದ್ದ. ಚಿಕ್ಕೋನು ಟೈಮರಿನಿಂದ ಚಾರ್ಜರಿಗೆ ಹೋಗುವ ತಂತಿಗೆ ಇನ್ನೊಂದು ತಂತಿ ಗಂಟು ಹಾಕಿದ. ಅದರ ತುದಿಗೆ ಹಳೇ ಹೀಟರಿನ ಸುರುಳಿಯ ತುಂಡೊಂದನ್ನು ಕಟ್ಟಿ, ಹಿಂದಿನ ಸೀಟಿನ ನಾರಿನ ಮೆತ್ತೆಯೊಳಗೆ ತೂರಿಸಿದ. ಸೀಟಿನ ಬೆನ್ನಿಗೇ ಡಿಕ್ಕಿ, ಡಿಕ್ಕಿಯಲ್ಲಿ ಬ್ಯಾಟರಿಯ ನಾಲ್ಕು ಡಬ್ಬ, ಮಧ್ಯೆ ತೆಳ್ಳನೆ ತಗಡು. ಒಬ್ಬಿಬ್ಬರು ಎತ್ತಿ ಇಳಿಸುವಂತಿರಲಿ ಎಂದು ಹಾಗೆ ನಾಲ್ಕು ಡಬ್ಬ ಮಾಡಿದವನೂ ಅವನೇ. ಒಂದೊಂದರ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದ. ಸುಟ್ಟ ಕಾರಿನ ಬೂದಿಯಲ್ಲಿ ನೂರೆಂಟು ತಂತಿ ಇರುವಾಗ ಒಂದು ಗೇಣು ಸುರುಳಿ ಯಾರ ಕಣ್ಣಿಗೆ ಬಿದ್ದೀತು?

ಸಂಜೆ ಬೀಗ ಹಾಕಿ ಕೀಲಿಯನ್ನು ಅಣ್ಣನ ಕೈಗೇ ಕೊಟ್ಟು ತನ್ನ ಬಾಡಿಗೆ ಕೋಣೆಗೆ ಹೋದ. ಮರುದಿನ ಶೆಡ್ಡಿನ ಕಡೆ ತಲೆ ಹಾಕದೆ, ಬೆಳಗಿನ ಮೊದಲ ಬಸ್ಸು ಹಿಡಿದು ಪಕ್ಕದೂರಿನ ಗುಜರಿಗೆ ಹೊರಟ. ಹಾರ್ನು ತರುವ ನೆಪ. ಬಸ್ಸು ಊರು ದಾಟುವ ಮೊದಲೇ ಫೋನು ಗುಂಯ್‌ಗುಟ್ಟಿತು: ಅತ್ತಿಗೆ. ಧ್ವನಿ ನಡುಗಿದರೆ ಕಷ್ಟ ಎಂದು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅತ್ತಿಗೆ. ಬರುವಾಗ ಏನೋ ತರಲು ಹೇಳುತ್ತಾಳೆ, ಇನ್ನೇನಿರುತ್ತದೆ ಎಂದುಕೊಂಡು ಫೋನನ್ನು ಚೀಲದ ತಳಕ್ಕೆ ತುರುಕಿದ. ಕಿಟಕಿಗೆ ತಲೆಯಾನಿಸಿ ಒಳ್ಳೇ ನಿದ್ದೆ ಮಾಡಿದ.

ಗುಜರಿಯವನ ಹತ್ತಿರ ಹಾರ್ನಿಗಾಗಿ ಗಂಟಲು ಹರಿಯುವಂತೆ ಚೌಕಾಸಿ ಮಾಡಿದ. ತಾನು ಇಲ್ಲೇ ಇದ್ದೆ ಎಂಬುದು ಅವನಿಗೆ ನೆನಪಿರಬೇಕಲ್ಲ. ಒತ್ತಿ ನೋಡಿದರೆ ಅದು ನಿಜವಾಗಿಯೂ ಪೋಂ ಎಂದಿತು. ಮಧ್ಯಾಹ್ನ ಕಳೆದು ದರ್ಜಿಯ ಕರೆ ಬಂದಾಗ ಮಾತ್ರ ಎತ್ತಿದ, "ಅಯ್ಯೋ" ಎಂದ. ಆ ಉದ್ಗಾರ ಚೆನ್ನಾಗಿಯೇ ಬಂತು.

ಅವನು ಬಂದು ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಶೆಡ್ಡಿನ ತಗಡು ಸೊಟ್ಟಗಾಗಿ, ಕಾರು ಬರೀ ಅಸ್ಥಿಪಂಜರವಾಗಿ ಕೂತಿತ್ತು. ಅಣ್ಣ ರಸ್ತೆ ಬದಿಯ ಕಟ್ಟೆಯ ಮೇಲೆ ಕೈ ಚೆಲ್ಲಿ ಕುಳಿತಿದ್ದ. ಇದ್ದಕ್ಕಿದ್ದಂತೆ ಮುದುಕನಾದವನ ಹಾಗೆ ಕಂಡ. ಚಿಕ್ಕೋನನ್ನು ನೋಡಿ ಎದ್ದು ಬಂದು ಅವನ ಎರಡೂ ತೋಳು ಹಿಡಿದುಕೊಂಡ.

"ನೀನು ಒಳಗಿರ್ಲಿಲ್ಲ, ಅಷ್ಟು ಸಾಕು ಕಣೋ," ಎಂದ. "ಫೋನ್ ಎತ್ತದೇ ಇದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು."

ಚಿಕ್ಕೋನು ಕಣ್ಣು ತಪ್ಪಿಸಿ ಕೈಯಲ್ಲಿದ್ದ ಹಾರ್ನನ್ನು ನೋಡಿದ. ಇಷ್ಟು ಸಂಕಟವಾದೀತು ಎಂದು ಅವನು ಲೆಕ್ಕ ಹಾಕಿರಲಿಲ್ಲ. ಅಷ್ಟರಲ್ಲಿ ಅಗ್ನಿಶಾಮಕ ದಳದ ಅಧಿಕಾರಿ, ಮಸಿ ಮೆತ್ತಿದ ಮುಖದವರು, ಹತ್ತಿರ ಬಂದರು. ಅವರಿಗೂ ಸುಸ್ತಾಗಿತ್ತು. ಅಣ್ಣ ಮುಖ ತೊಳೆಯಲು ಹಿತ್ತಲಿನ ನಲ್ಲಿಯ ಕಡೆ ಹೋದ.

"ಈ ಕಾರಿನ ಕೆಲಸ ಮಾಡಿದ್ದು ನೀವಾ?"

"ಹೌದು ಸರ್. ಬ್ಯಾಟರಿಯಿಂದಲೇ ಆಗಿರೋದು. ಎಲ್ಲರಿಗೂ ಬಡ್ಕೊಂಡೆ, ಬೇಕಾದ್ರೆ ದರ್ಜಿನ ಕೇಳಿ. ನಿನ್ನೆ ಬೀಗ ಹಾಕುವಾಗ ಮೂರನೇ ಡಬ್ಬ ಮುಟ್ಟಿ ನೋಡಿದೆ, ಸುಡ್ತಾ ಇತ್ತು. ಅಲ್ಲಿಂದಲೇ ಹತ್ತಿರುತ್ತೆ."

"ಬ್ಯಾಟರಿ ಬೆಂಕಿ ಅಂದ್ರೆ ಆರಿಸಿದಷ್ಟೂ ಮತ್ತೆ ಹತ್ತಿಕೊಳ್ಳುತ್ತೆ. ಇದು ಒಂದೇ ಸಲಕ್ಕೆ ಆರಿಹೋಯ್ತು," ಎಂದರು ಅಧಿಕಾರಿ, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಅಂಗೈ ಬಿಚ್ಚಿದರು. ಅದರಲ್ಲಿ ಕಪ್ಪಾದ ಸುರುಳಿಯ ತುಂಡೊಂದಿತ್ತು. "ಹಿಂದಿನ ಸೀಟಿನ ಜಾಗದಲ್ಲಿ ಸಿಕ್ತು. ಇದೇನು?"

ಇಂಥ ಪ್ರಶ್ನೆಗೂ ಚಿಕ್ಕೋನು ಉತ್ತರ ಇಟ್ಟುಕೊಂಡೇ ಬಂದಿದ್ದ.

"ಅದು ಬ್ಯಾಟರಿ ಡಬ್ಬದೊಳಗಿಂದು ಸರ್. ಚಳೀಲಿ ಬ್ಯಾಟರಿ ತಣ್ಣಗಾಗದೇ ಇರೋಕೆ ಇಟ್ಟಿರ್ತಾರೆ. ಡಬ್ಬ ಒಡೆದು ಆಚೆ ಸಿಡಿದಿರುತ್ತೆ. ನಾನೇ ಕೈಯಾರೆ ಜೋಡಿಸಿದ್ದು, ಗೊತ್ತಾಗಲ್ವಾ?"

ಅಧಿಕಾರಿ ತಲೆಯಾಡಿಸಿದರು. ಮುಗಿಯಿತು ಎಂದುಕೊಂಡ ಚಿಕ್ಕೋನು. ಆ ಕೋಣೆ, ಆ ಕಿಟಕಿ, ಆ ಭಾನುವಾರ ಎಲ್ಲ ಕಣ್ಣೆದುರಿಗೆ ಬಂದವು. ಅಷ್ಟರಲ್ಲಿ ಅತ್ತಿಗೆ ಕೊಡ ಹಿಡಿದುಕೊಂಡು ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು.

"ಬ್ಯಾಟರಿಯಿಂದ ಅಂತೀಯೇನೋ? ಅದು ಹೇಗಾಗುತ್ತೆ?" ಎಂದಳು. "ನೀನು ಅಷ್ಟು ಹೆದರಿಸಿದ ಮೇಲೆ ನನಗೆ ಕಣ್ಣಿಗೆ ನಿದ್ದೆ ಹತ್ತುತ್ತಾ? ನಿನ್ನೆ ನೀನು ಹೋದ ಮೇಲೆ ಇವರ ಕಾಲಿಗೆ ಬಿದ್ದುಬಿಟ್ಟೆ. ಕಾರಿನ ಸಹವಾಸವೇ ಸಾಕು ಅಂತ ಇವರೂ ಒಪ್ಪಿಕೊಂಡ್ರು. ನಿನ್ನ ಪತ್ರಕ್ಕೆ ಸಹಿನೂ ಹಾಕಿಬಿಟ್ರು ಕಣೋ. ಅದನ್ನ ಹೇಳೋಕೇ ಬೆಳಿಗ್ಗೆ ಎರಡು ಸಲ ಫೋನ್ ಮಾಡಿದೆ."

ಅವಳು ಮುಂದೆ, ಅಧಿಕಾರಿ ಹಿಂದೆ, ಕೊನೆಯಲ್ಲಿ ಹಾರ್ನನ್ನು ಎದೆಗವುಚಿಕೊಂಡ ಚಿಕ್ಕೋನು, ಹೀಗೆ ಮೂವರೂ ಹಿತ್ತಲಿಗೆ ಹೋದರು. ನೀರಿನ ತೊಟ್ಟಿಯ ಪಕ್ಕ, ತಗಡಿನ ಮರೆಯಲ್ಲಿ, ಅಣ್ಣನೂ ದರ್ಜಿಯೂ ನಿನ್ನೆ ಸಂಜೆಯೇ ಕಾರಿನಿಂದ ಇಳಿಸಿ ಹೊತ್ತು ತಂದಿಟ್ಟ ಬ್ಯಾಟರಿಯ ನಾಲ್ಕು ಡಬ್ಬಗಳು ಸಾಲಾಗಿ ಕೂತಿದ್ದವು. ಒಂದರ ಬೋಲ್ಟೂ ಸಡಿಲವಾಗಿರಲಿಲ್ಲ, ಅವನು ಬರೆದ ಬಿಳಿ ಅಂಕಿಗಳೂ ಮಾಸಿರಲಿಲ್ಲ. ಅಣ್ಣ ನಲ್ಲಿಯ ಹತ್ತಿರ ಒದ್ದೆ ಮುಖದಲ್ಲೇ ನಿಂತು ತಮ್ಮನನ್ನು ನೋಡುತ್ತಿದ್ದ. ಅಧಿಕಾರಿ ಬಗ್ಗಿ ಮೂರನೇ ಡಬ್ಬದ ಮೇಲೆ ಕೈಯಿಟ್ಟು ನೋಡಿದರು, ಎದ್ದು ನಿಂತರು, ಆ ಕಪ್ಪು ಸುರುಳಿಯನ್ನು ಚಿಕ್ಕೋನ ಮುಂದೆ ಹಿಡಿದು ಕೇಳಿದರು: "ಹಾಗಾದ್ರೆ ಇದು ಯಾವ ಡಬ್ಬದೊಳಗಿಂದು?"