ವಾಚಿನ ನೀಲಿ ಬೆಳಕು

"ಪಟಾಕಿ, ಉಸಿರಾಡೋಕೆ ಅಡ್ಡಿಯಿಲ್ಲ. ಮಾತು ಮಾತ್ರ ಬೇಡ" ಎಂದರು ತಾತ, ಟ್ರೇಯನ್ನು ಮೆಲ್ಲಗೆ ಅಲುಗಿಸುತ್ತ.

ಬಾಯಿ ಮುಚ್ಚಿದರೆ ಹೊಟ್ಟೆ ಉಬ್ಬಿಹೋಗುವ ಹುಡುಗಿ ಅವಳು. ಮನೆಯವರೆಲ್ಲ ಪಟಾಕಿ ಎಂದೇ ಕರೆಯುತ್ತಿದ್ದರು. ಇವತ್ತು ಮಾತ್ರ ತುಟಿ ಬಿಚ್ಚಲಿಲ್ಲ. ಟ್ರೇಯಲ್ಲಿ ಇದ್ದದ್ದು ಅಜ್ಜಿಯ ಕೊನೆಯ ಫೋಟೊದ ಫಿಲ್ಮ್. ಅಜ್ಜಿ ತೀರಿಕೊಳ್ಳುವ ಹಿಂದಿನ ವಾರ ತಾತ ತಮ್ಮ ಹಳೇ ಕ್ಯಾಮೆರಾದಲ್ಲಿ ತೆಗೆದದ್ದು. ಅದನ್ನು ತೊಳೆಯಲು ಇಷ್ಟು ತಿಂಗಳು ಅವರಿಗೆ ಮನಸ್ಸೇ ಬಂದಿರಲಿಲ್ಲ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಪು ಬಲ್ಬೊಂದೇ ಉರಿಯುತ್ತಿತ್ತು. ತಾತ ಇನ್ನೊಂದು ಟ್ರೇಗೆ ಫಿಲ್ಮ್ ತೊಳೆಯುವ ಔಷಧಿ ಸುರಿಯಲು ಆ ಕಡೆ ತಿರುಗಿದರು.

ಫಿಲ್ಮಿನಲ್ಲಿ ಏನೋ ಮೂಡತೊಡಗಿತು. ಹಣೆ. ಕನ್ನಡಕ. ಪಟಾಕಿಗೆ ತಡೆಯಲಾಗಲಿಲ್ಲ. ಬಗ್ಗಿ ತನ್ನ ಕೈಯಲ್ಲಿದ್ದ ವಾಚಿನ ಬಟನ್ ಒತ್ತಿ ಹಿಡಿದಳು. ನೀಲಿ ಬೆಳಕು ಮಿಣುಕಿತು.

ತಾತ ಹಿಂತಿರುಗಿದರು. "ಅಯ್ಯೋ! ಆರಿಸು! ಆರಿಸು ಅದನ್ನ!"

ಅವಳು ಆರಿಸಿದಳು. ಆದರೆ ಫಿಲ್ಮ್ ಇಡೀ ಕಪ್ಪಾಗುತ್ತ ಹೋಯಿತು. ಹಣೆಯೂ ಇಲ್ಲ, ಕನ್ನಡಕವೂ ಇಲ್ಲ.

"ಅಷ್ಟು ದೊಡ್ಡ ಕೆಂಪು ಬಲ್ಬೇ ಏನೂ ಮಾಡ್ಲಿಲ್ವಲ್ಲ ತಾತ. ಇದು ಇಷ್ಟೇ ಇಷ್ಟು..."

ತಾತ ಸ್ಟೂಲಿನ ಮೇಲೆ ಕುಸಿದು ಕೂತರು. "ಫಿಲ್ಮಿಗೆ ಬೆಳಕು ಕಾಳು ಕಾಳಾಗಿ ತಾಗುತ್ತೆ, ಮರಿ. ಕೆಂಪು ಕಾಳಿಗೆ ತ್ರಾಣ ಸಾಲದು. ಮೂಟೆಗಟ್ಟಲೆ ಸುರಿದ್ರೂ ಈ ಫಿಲ್ಮಿಗೆ ಏನೂ ಆಗಲ್ಲ. ನೀಲಿ ಕಾಳು ಒಂದೊಂದೂ ಗಟ್ಟಿ. ಚಿಟಿಕೆ ಸಾಕು."

"ಟೀಚರ್ ಬೆಳಕು ಅಂದ್ರೆ ಅಲೆ ಅಂದಿದ್ರು. ಪುಟ್ಟ ಅಲೆ ಏನು ಮಾಡುತ್ತೆ ಅಂದ್ಕೊಂಡೆ."

"ಅದೂ ಸುಳ್ಳಲ್ಲ. ಬರುವಾಗ ಅಲೆ, ಬೀಳುವಾಗ ಕಾಳು." ತಾತ ಕಪ್ಪಾದ ಫಿಲ್ಮಿನತ್ತ ನೋಡಿದರು. "ನಿಂಗೆ ಕಾಣಿಸ್ತಾ ಅವಳ ಮುಖ?"

"ಒಂಚೂರು. ಕೂದಲೆಲ್ಲ ಕಪ್ಪಗಿತ್ತು."

"ನೆಗೆಟಿವ್‌ನಲ್ಲಿ ಬಿಳಿ ಕೂದಲು ಕಪ್ಪಗೇ ಕಾಣೋದು." ತಾತ ಕಣ್ಣೊರೆಸಿಕೊಂಡರು. "ನಗ್ತಿದ್ಲಾ? ಫೋಟೊ ತೆಗೆಯುವಾಗ ನಂಗೆ ಕಣ್ಣು ಮಂಜಾಗಿತ್ತು. ಗೊತ್ತೇ ಆಗ್ಲಿಲ್ಲ."

ಹೂಂ ಎಂದುಬಿಡುವುದು ಸುಲಭವಾಗಿತ್ತು.

"ಬಾಯಿ ಇನ್ನೂ ಬಂದಿರ್ಲಿಲ್ಲ ತಾತ. ಅದನ್ನ ನೋಡೋಕೇ ವಾಚ್ ಹಿಡಿದೆ."

ತಾತ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಇಷ್ಟು ತಿಂಗಳು ಅವರು ಹೆದರಿದ್ದೂ, ಕಾದದ್ದೂ ಅಜ್ಜಿ ನಕ್ಕಿದ್ದಳೋ ಇಲ್ಲವೋ ಎಂಬುದಕ್ಕೇ ಎಂದು ಅವಳಿಗೆ ಈಗ ಗೊತ್ತಾಯಿತು.

ದೊಡ್ಡ ಲೈಟ್ ಹಾಕಿದರೂ ಕೆಡುವಂಥದ್ದು ಆ ಕೋಣೆಯಲ್ಲಿ ಇನ್ನೇನೂ ಇರಲಿಲ್ಲ. ಆದರೂ ಇಬ್ಬರೂ ಸ್ವಿಚ್ ಮುಟ್ಟದೆ ಕೂತೇ ಇದ್ದರು.