ಅಪ್ಪನಿಗೆ ರಿಮಾಂಡಂತೆ

ಬೆಳಿಗ್ಗೆ ಅಪ್ಪನ ಮಂಡಿಗೆ ತಿಕ್ಕಿದ ನೀಲಗಿರಿ ಎಣ್ಣೆಯ ವಾಸನೆ ಅರ್ಪಿತಳ ಅಂಗೈಯಲ್ಲಿ ಇನ್ನೂ ಉಳಿದಿತ್ತು. ಅವಳು ಪುಟ್ಟವಳಿದ್ದಾಗ ಮಿಲಿಟ್ರಿ ಬಿಟ್ಟು ಊರಿಗೆ ಬಂದ ಅಪ್ಪ ಅವಳನ್ನು ಎತ್ತಿಕೊಂಡಾಗ ಮೊದಲು ಮೂಗಿಗೆ ಬಡಿದದ್ದೂ ಅದೇ ವಾಸನೆ. ಸ್ಕೂಲಿನ ನಲ್ಲಿಯ ಹತ್ತಿರ ನಿಂತು ಅವಳು ಅಂಗೈ ಮೂಸುತ್ತಿದ್ದಾಗ ಅವಳ ಕ್ಲಾಸಿನ ಕಿಶನ್ ಓಡಿಬಂದ.

“ನಿಮ್ಮಪ್ಪಂಗೆ ರಿಮಾಂಡ್ ಆಗ್ಬುಟ್ಟೈತಂತೆ ಕಣಮ್ಮಿ!”

“ಅಂಗಂದ್ರೆ?”

“ಟೀವಿ ನ್ಯೂಸ್ ನೋಡಲ್ವಾ? ಕಳ್ರನ್ನ ರಿಮಾಂಡ್ ಮಾಡ್ತಾರಲ್ಲ. ಜೈಲು!”

“ಸುಳ್ಳು ಯೋಳ್ಬೇಡ ಕಣ್ಲಾ. ನಮ್ಮಪ್ಪ ಮಿಲಿಟ್ರಿಲಿದ್ದೋನು.”

“ನಾನೇ ಕೇಳಿಸ್ಕೊಂಡೆ. ಡೇರಿತಾವ ಲಾಯರ್ ಫೋನ್ ಬಂತು. ‘ರಿಮಾಂಡಾ ಸಾರ್?’ ಅಂದ್ರು ನಿಮ್ಮಪ್ಪ. ಮುಖ ಬಾಡೋಯ್ತು. ಆಲಿನ ಕ್ಯಾನ್ ಅಲ್ಲೇ ಬುಟ್ಟು ಒಂಟೋದ್ರು.”

ಆಮೇಲೆ ಮಿಸ್ ಬೋರ್ಡಿನ ಮೇಲೆ ಏನು ಬರೆದರೋ ಅರ್ಪಿತಳಿಗೆ ಕಾಣಲಿಲ್ಲ. ಬೆಲ್ ಹೊಡೆದದ್ದೇ ತಡ, ಪೊಲೀಸರಿಗಿಂತ ಮೊದಲೇ ಮನೆ ಸೇರಬೇಕೆಂದು ಓಡಿದಳು.

ಮನೆಯಲ್ಲಿ ಅಪ್ಪ ಬ್ಯಾಗಿಗೆ ಷರಟು, ಟವೆಲ್ಲು ತುಂಬುತ್ತಿದ್ದ.

“ಎಲ್ಲಿಗೆ ಓಯ್ತೀಯಪ್ಪ?”

“ಬೆಂಗಳೂರ್ಗೆ ಕಣವ್ವ. ನಾಳೆ ಸಂತೆಬಾಚಹಳ್ಳಿಲಿ ಬಸ್ಸು ಅತ್ಬೇಕು.”

ಅರ್ಪಿತ ಬ್ಯಾಗನ್ನು ತಬ್ಬಿಕೊಂಡು ಕೂತುಬಿಟ್ಟಳು. “ಕೊಡಲ್ಲ! ನೀನು ಜೈಲಿಗೆ ಓಗ್ಬೇಡ!”

ಅಪ್ಪನಿಗೆ ನಗು ಬಂತು. “ಜೈಲಾ? ಯಾರು ಯೋಳಿದ್ರು?”

“ಕಿಶನ್. ರಿಮಾಂಡ್ ಅಂದ್ರೆ ಜೈಲಂತೆ.”

“ಅದು ಕಳ್ರಿಗೆ. ನಮ್ದು ಬರೀ ಅಪೀಲು. ಕೋರ್ಟ್ನೋರು ತೀರ್ಮಾನ ಮಾಡ್ದೆ ವಾಪಸ್ ಕಳ್ಸವ್ರೆ, ಅದ್ಕೂ ರಿಮಾಂಡು ಅಂತಾರೆ. ಡಾಕ್ಟ್ರು ಮೊದ್ಲಿಂದ ಇನ್ನೊಂದ್ ಸತಿ ಕಾಲು ನೋಡ್ಬೇಕಂತೆ.”

ಕೆಲಸದಲ್ಲಿದ್ದಾಗ ಗಾಯಗೊಂಡ ಸೈನಿಕರಿಗೆ ಕೊಡುವ ಪೆನ್ಷನ್ನಿಗಾಗಿ ಅಪ್ಪ ವರ್ಷಗಳಿಂದ ಅಲೆಯುತ್ತಿದ್ದದ್ದು ಅರ್ಪಿತಳಿಗೂ ಗೊತ್ತಿತ್ತು.

“ಅಷ್ಟೇನಾ? ತೋರ್ಸಿದ್ರಾಯ್ತು ಬುಡಪ್ಪ!” ಅವಳು ಎದ್ದು ಕುಣಿದಳು.

ಈ ಸಲ ಅಪ್ಪ ನಗಲಿಲ್ಲ. ಮಡಿಸಿದ್ದ ಷರಟನ್ನೇ ಮತ್ತೆ ಬಿಚ್ಚಿ ಮಡಿಸಿದ.

“ಎಷ್ಟ್ ಸತಿ ತೋರ್ಸದವ್ವ? ಇಮ ಬೀಳೋ ಬೆಟ್ಟದಲ್ಲಿ ಕಾವಲು ಕಾಯೋವಾಗ ಜಾರಿ ಮುರ್ದ ಕಾಲು. ‘ನಿಜವಾಗ್ಲೂ ಡ್ಯೂಟಿಲೇ ಬಿದ್ರಾ?’ ಅಂತಾರೆ. ಸುಳ್ಳು ಯೋಳೋನಂಗೆ ಅವ್ರ ಮುಂದೆ ನಿಂತ್ಕೋಬೇಕು.”

ಅರ್ಪಿತಳ ಕುಣಿತ ನಿಂತಿತು.

“ಮುದ್ದೆ ಆರೋಯ್ತದೆ, ಬನ್ನಿ,” ಎಂದು ಒಳಗಿನಿಂದ ಅಮ್ಮ ಕರೆದಳು. ಅವಳ ದನಿಯೂ ಸಣ್ಣಗಾಗಿತ್ತು.

ಅವರ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತೇ ಉಣ್ಣುವುದು. ಅಪ್ಪನೂ ಅಷ್ಟೇ. ಕುರ್ಚಿ ತಂದರೆ, “ನಾನೇನು ಮುದ್ಕನಾ?” ಎನ್ನುತ್ತಿದ್ದ.

ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಗೋಡೆಗೆ ಕೈ ಕೊಟ್ಟ. ಕೆಳಗೆ ಕೂರುವ ಮೊದಲು ಒಂದು ಗಳಿಗೆ ಹಾಗೇ ನಿಂತ. ಸುಣ್ಣದ ಗೋಡೆಯಲ್ಲಿ, ಸರಿಯಾಗಿ ಆ ಅಂಗೈ ಊರಿದ ಜಾಗದಲ್ಲಿ, ಕಪ್ಪಗೆ ಅಂಗೈಯಗಲದ ಒಂದು ಕಲೆ. ಅದು ಎಷ್ಟೋ ದಿನದಿಂದ ಅಲ್ಲೇ ಇತ್ತು. ಅದು ಹೇಗಾಯಿತೆಂದು ಅರ್ಪಿತ ಯಾವತ್ತೂ ಕೇಳಿರಲಿಲ್ಲ.

ಅವಳು ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. ಇನ್ನೊಂದು ಕೈಯಿಂದ ಅಪ್ಪನ ಬೆರಳು ಹಿಡಿದು ನಡುಮನೆಯ ಮಂಚದ ತನಕ ಮೆಲ್ಲಗೆ ಕರೆತಂದಳು. ಅಪ್ಪ ಇವತ್ತು ಬೇಡ ಎನ್ನಲಿಲ್ಲ. ಅವನು ಕಾಲು ಚಾಚಿ ಕೂತ ಮೇಲೆ, ತಟ್ಟೆಯನ್ನು ಅವನ ಕೈಗಿಟ್ಟಳು.