ತಮ್ಮನ ಕೈಯ ರಿಮೋಟ್

ನನ್ನ ತಮ್ಮ ಶಿಂಗೊ ಏಳನೇ ವಯಸ್ಸಿಗೆ ಮಿದುಳು ಜ್ವರದಿಂದ ಸತ್ತ. ವಿಡಿಯೋ ಗೇಮ್ ಆಡುವಾಗ ನಾನು ಅವನಿಗೆ ವಯರ್ ಸಿಕ್ಕಿಸದ ರಿಮೋಟ್ ಕೊಡುತ್ತಿದ್ದೆ. ಪರದೆಯ ಮೇಲೆ ಓಡುತ್ತಿರುವುದು ತಾನೇ ಎಂದು ನಂಬಿ ಅವನು ಬೆರಳು ನೋಯುವವರೆಗೂ ಒತ್ತುತ್ತಿದ್ದ.

"ಅಣ್ಣಾ, ನಾನು ಗೆದ್ನಾ?"

"ನಿನ್ ಮುಖಕ್ಕೆ! ಸತ್ತೆ ಕಣೋ," ಎಂದು ನಗುತ್ತಿದ್ದೆ.

ಅವನು ಹೋದ ಮೇಲೆ ಆ ಗೇಮ್ ಸೆಟ್ಟನ್ನು ಯಾರೂ ಮುಟ್ಟಲಿಲ್ಲ. ಮೂವತ್ತೆರಡು ವರ್ಷದ ನಂತರ, ಕಳೆದ ಬೇಸಿಗೆಯಲ್ಲಿ, ಜಪಾನಿನ ಹಿಮೆಜಿ ಊರಿನ ನಮ್ಮ ಮನೆಯ ಬೀರುವಿನಿಂದ ಅದನ್ನು ಹೊರತೆಗೆದೆ. ಪ್ಲಾಸ್ಟಿಕ್ ಹಳದಿಗಟ್ಟಿದ್ದರೂ ಗೇಮ್ ಚಾಲೂ ಆಯಿತು. ಮಟಮಟ ಮಧ್ಯಾಹ್ನ ಒಬ್ಬನೇ ಆಡುತ್ತಿದ್ದಾಗ ಪಕ್ಕದಲ್ಲೇ ಟಕಟಕ ಸದ್ದು ಶುರುವಾಯಿತು.

"ಮೆಲ್ಲಗೆ ಒತ್ತೋ, ಮುರಿದುಹೋಗುತ್ತೆ!" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ನಾನಲ್ಲಮ್ಮ."

ಚಾಪೆಯ ಮೇಲಿದ್ದ ಎರಡನೇ ರಿಮೋಟ್ ಮುಟ್ಟಿದೆ. ಬೆಚ್ಚಗಿತ್ತು. ಮೊದಲ ಸಲ ಅದರ ವಯರ್ ಸಿಕ್ಕಿಸಿ, "ತಗೋ ಶಿಂಗೊ, ಈಗ ಆಡು," ಎಂದೆ. ಸದ್ದು ನಿಂತಿತು. ಪರದೆಯ ಎರಡನೇ ಆಟಗಾರ ಸಂಜೆಯವರೆಗೂ ಕದಲಲಿಲ್ಲ.

ರಿಮೋಟ್ ಕೆಟ್ಟಿದೆಯೇನೋ ಎಂದು ಮರುದಿನ ತೋರಿಸಿದಾಗ, ರಿಪೇರಿ ಅಂಗಡಿಯ ಓಗುರಿ ಎರಡನ್ನೂ ಬಿಚ್ಚಿದ. ನನ್ನದರ ಒಳಭಾಗ ಹೊಸದರಂತಿತ್ತು. ಇನ್ನೊಂದರ ಗುಂಡಿಗಳ ಕೆಳಗಿನ ರಬ್ಬರ್ ಸವೆದು ತೂತುಬಿದ್ದಿತ್ತು.

"ದಿನಾ ಯಾರ್ರೀ ಆಡೋದು ಇದನ್ನ?" ಎಂದ ಓಗುರಿ ಬೆರಳು ಒರೆಸಿಕೊಳ್ಳುತ್ತಾ. "ಒಳಗೆ ಬೆವರು ಇನ್ನೂ ಒಣಗಿಲ್ಲ."